ರೀಜೆಂಟ್ ಪಾರ್ಕಲ್ಲಿ ಮನೆ ಹಿಡೀಬಹುದಾ ಅಂತ ಕೇಳಿದ ದಾವಣಗೆರೆ ತಂಗಿಗೆ

ತಂಗಿ, ನೀನು ಅಂತಾನೇ ಬರೀತೀನಿ ಬೇಜಾರ್ ಮಾಡ್ಕೋಬೇಡ, ನಮ್ಮೂರ ಹುಡುಗಿ ಅಂದ್ಮೇಲೆ ನೀವು ತಾವು ಅನ್ನೋಕೆ ಬರ್ತಿಲ್ಲ. ಯಜಮಾನ್ರಿಗೆ ಕೆನಡಾದ ಟೊರಾಂಟೋದಲ್ಲಿ ಕೆಲ್ಸ ಆಗೈತೆ, ರೀಜೆಂಟ್ ಪಾರ್ಕ್ ಅನ್ನೋ ಏರಿಯಾದಲ್ಲಿ ಫ್ಲ್ಯಾಟ್ ನೋಡಿದಾರೆ, ಆದ್ರೆ ಯಾರೋ ಅಲ್ಲಿ ಸರ್ಕಾರಿ ಮನೆಗಳೇ ಜಾಸ್ತಿ, ಎಲ್ಲಾ ದೇಶದ ಜನ ಇರ್ತಾರೆ, ಮೂರು ವರ್ಷದ ಮಗು ಕಟ್ಕೊಂಡು ಅಲ್ಯಾಕೆ, ಟೊರಾಂಟೋ ಪಕ್ಕದ ಊರು ಬ್ರಾಂಪ್ಟನ್ನಿಗೆ ಹೋಗಿ ಅಂದ್ರಂತೆ, ಏನ್ಮಾಡೋದಕ್ಕ ಅಂತ ಕೇಳಿದೀಯ. ನಾನು ಅದೇ ಏರಿಯಾದಲ್ಲಿ ಒಂಬತ್ತು ವರ್ಷದಿಂದ ಇದೀನಿ. ಧೈರ್ಯವಾಗಿ ಹಿಡೀರಿ ಅಂತೀನಿ, ಆದ್ರೆ ಒಂದೆರಡು ವಿಷಯ ತಿಳ್ಕೊಂಡು ಹಿಡೀರಿ.

ಹಳೇ ರೀಜೆಂಟ್ ಪಾರ್ಕಿಗೆ ಕೆಟ್ಟ ಹೆಸರು ಬಂದಿದ್ದು ನಿಜ. 1940ರ ದಶಕದ ಕೊನೇಲಿ ಶುರುವಾದ ಸರ್ಕಾರಿ ವಸತಿ, 69 ಎಕರೆ, ಎರಡು ಸಾವಿರಕ್ಕೂ ಮೇಲೆ ಮನೆ, ಎಲ್ಲಾ ಕಡಿಮೆ ಆದಾಯದವರಿಗೇ. ಒಳ್ಳೇ ಮನಸ್ಸಿಂದಾನೇ ಕಟ್ಟಿದ್ರು, ಆದ್ರೆ ಒಳಗಿದ್ದ ರಸ್ತೆಗಳನ್ನ ಮುಚ್ಚಿ ಹುಲ್ಲು ಬೆಳೆಸಿ ಮಧ್ಯ ಬಿಲ್ಡಿಂಗ್ ನಿಲ್ಸಿಬಿಟ್ರು, ಹೊರಗಿನೋರು ಆ ಕಡೆಯಿಂದ ಈ ಕಡೆ ಹಾಯ್ದು ಹೋಗೋ ಹಂಗೇ ಇಲ್ಲ, ಒಳಗೆ ಅಂಗಡಿ ಇಲ್ಲ, ಬ್ಯಾಂಕ್ ಇಲ್ಲ. ನಮ್ಮ ಗುಂಡಿ ಸರ್ಕಲ್, ರಾಂ ಅಂಡ್ ಕೋ ಸರ್ಕಲ್ ಕಡೆ ಸಂಜೆ ಕತ್ತಲಾದ್ಮೇಲೂ ಹೆಣ್ಮಕ್ಕಳು ಆರಾಮಾಗಿ ಓಡಾಡ್ತೀವಲ್ಲ, ಯಾಕಂದ್ರೆ ಮಿರ್ಚಿ ಗಾಡಿ ಇರ್ತವೆ, ಅಂಗಡಿ ತೆಗ್ದಿರ್ತಾವೆ, ನಾಕ್ ಜನ ನೋಡ್ತಿರ್ತಾರೆ. ಇಲ್ಲಿ ಅದೇ ಇರ್ಲಿಲ್ಲ. 2005ರಿಂದ ಹಂತ ಹಂತವಾಗಿ ಹಳೇದೆಲ್ಲ ಕೆಡವಿ, ರಸ್ತೆಗಳನ್ನ ಮತ್ತೆ ತೆಗೆದು, ಕಾಂಡೋ, ಅಂದ್ರೆ ಸ್ವಂತಕ್ಕೆ ಕೊಳ್ಳೋ ಫ್ಲ್ಯಾಟುಗಳನ್ನ, ಕಟ್ಟಿ ಮಾರಿ ಅದರಿಂದ ಬಂದ ದುಡ್ಡನ್ನೂ ಹಾಕಿ ಬಡವರ ಮನೆಗಳನ್ನ ಹೊಸದಾಗಿ ಕಟ್ತಾ ಬಂದಿದಾರೆ, ಈಗ ಡಂಡಾಸ್ ಮತ್ತೆ ಪಾರ್ಲಿಮೆಂಟ್ ಸ್ಟ್ರೀಟ್ ಮೂಲೇಲೇ ದಿನಸಿ ಅಂಗಡಿ, ಬ್ಯಾಂಕು, ಕಾಫಿ ಎಲ್ಲಾ ಐತೆ. ಹಳಬರಿಗೆ ವಾಪಸ್ ಬರೋ ಹಕ್ಕು ಕೊಟ್ಟಿದ್ರು, ಆದ್ರೂ ವರ್ಷಗಟ್ಲೆ ಕಾಯೋದ್ರಲ್ಲಿ ಬೇರೆ ಕಡೆ ಮಕ್ಕಳ ಸ್ಕೂಲು ಅದು ಇದು ಅಂತ ಬೇರು ಬಿಟ್ಟು ಬರದೇ ಹೋದೋರೂ ಇದಾರೆ, ಅದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಸಂಕಟ ಆಗುತ್ತೆ.

ಸರ್ಕಾರಿ ಮನೆ ಅಂದ್ರೆ ಹೆದ್ರಬೇಡ. ಅವರ ಬಾಡಿಗೆ ಆದಾಯದ ಸುಮಾರು ಶೇ. 30, ಅಷ್ಟೇ ವ್ಯತ್ಯಾಸ. ಆ ಮನೆ ಸಿಗೋಕೆ ಹತ್ತು ವರ್ಷಕ್ಕೂ ಮೇಲೆ ಕ್ಯೂನಲ್ಲಿ ನಿಂತಿರ್ತಾರೆ, ಆಸ್ಪತ್ರೇಲಿ ಕೆಲ್ಸ ಮಾಡೋರು, ಟ್ಯಾಕ್ಸಿ ಓಡಿಸೋರು, ಒಬ್ಬಂಟಿ ಅಜ್ಜಿಯರು. ನಿಮಗೆ ಸಿಗೋದು ಕಾಂಡೋ ಓನರ್ ಹತ್ರ ಬಾಡಿಗೆಗೆ. ಹೊರಗಿಂದ ನೋಡಿದ್ರೆ ಯಾವ್ದು ಯಾವ ಬಿಲ್ಡಿಂಗ್ ಅಂತ ಗೊತ್ತೇ ಆಗಲ್ಲ.

ನಾನು ದಾವಣಗೆರೇಲಿ ಮದುವೆ ಆದ ಹೊಸದ್ರಲ್ಲಿ ಬಾಡಿಗೆ ಮನೆ ಹುಡುಕ್ತಾ ಇದ್ದಾಗ ಗೇಟ್ ಹತ್ರಾನೇ ಮೊದಲ ಪ್ರಶ್ನೆ, ಯಾವ ಜನಮ್ಮ ನೀವು? ಮೂರು ಮನೇಲಿ ಅದಕ್ಕೇ ವಾಪಸ್ ಬಂದ್ವಿ. ವಿದ್ಯಾನಗರದಲ್ಲಿ ಬೆಳೆದ ನಾನು ಮಂಡಕ್ಕಿ ಭಟ್ಟಿಗಳಿರೋ ಕಡೆ ಒಂದು ಸಲಾನೂ ಕಾಲಿಟ್ಟಿರ್ಲಿಲ್ಲ, ದಿನಾ ಅದೇ ಮಂಡಕ್ಕಿ ತಿಂತಿದ್ದೆ. ಇಲ್ಲಿ ಕೆಲಸದ ಲೆಟರ್ ಕೇಳ್ತಾರೆ, ಕ್ರೆಡಿಟ್ ಸ್ಕೋರ್ ಕೇಳ್ತಾರೆ, ಹೊಸಬರಿಗೆ ಅದು ಇರಲ್ಲ ಅಂತ ಸ್ವಲ್ಪ ಒದ್ದಾಟ ಆಗುತ್ತೆ, ಆದ್ರೆ ಜನಾಂಗ, ಧರ್ಮ, ಮಕ್ಕಳಿದಾರೆ ಅನ್ನೋ ಕಾರಣಕ್ಕೆ ಮನೆ ಕೊಡಲ್ಲ ಅನ್ನೋದು ಇಲ್ಲಿನ ಒಂಟಾರಿಯೋ ಪ್ರಾಂತ್ಯದ ಕಾನೂನಿಗೆ ವಿರುದ್ಧ.

ಹಂಗಂತ ಅಕ್ಕಪಕ್ಕ ಮನೆ ಕಟ್ಟಿದ ತಕ್ಷಣ ಜನ ಬೆರೆತು ಬಿಡ್ತಾರೆ ಅನ್ಕೋಬೇಡ. ಕಾಂಡೋದವರ ಬಾಗಿಲು ಬೇರೆ, ಲಿಫ್ಟ್ ಬೇರೆ, ಮೊದಲ ಒಂದು ವರ್ಷ ನಂಗೆ ಎದುರು ಬಿಲ್ಡಿಂಗಿನ ಒಬ್ಬರ ಹೆಸರೂ ಗೊತ್ತಿರ್ಲಿಲ್ಲ. ಗೊತ್ತಾಗಿದ್ದು ಈಜುಕೊಳದಲ್ಲಿ. 2012ರಲ್ಲಿ ಕಟ್ಟಿದ ದೊಡ್ಡ ಗಾಜಿನ ಈಜುಕೊಳ ಐತೆ, ಎಲ್ಲಾರಿಗೂ ಫ್ರೀ, ಹೆಣ್ಮಕ್ಕಳಿಗೆ ಮಾತ್ರ ಅಂತ ಬೇರೆ ಟೈಮ್ ಇಡ್ತಾರೆ, ಆವಾಗ ಗಾಜಿಗೆ ಪರದೆ ಇಳಿಸ್ತಾರೆ. ಮೂವತ್ತನಾಲ್ಕನೇ ವಯಸ್ಸಲ್ಲಿ ಮೊದಲ ಸಲ ನೀರಿಗಿಳಿದೆ ನಾನು, ಪಕ್ಕದಲ್ಲಿ ಸೋಮಾಲಿಯಾದ ಒಬ್ಬ ಅಮ್ಮ, ಬಾಂಗ್ಲಾದ ಅಕ್ಕ, ಮೂರೂ ಜನಕ್ಕೆ ಈಜು ಬರಲ್ಲ, ಮೂರೂ ಜನ ಕಂಬಿ ಹಿಡ್ಕೊಂಡು ನಿಂತಿದ್ವಿ. ಆ ಬಾಂಗ್ಲಾ ಅಕ್ಕ ಒಂದಿನ ಮನೆಗೆ ಕರೆದು ತಟ್ಟೇಲಿ ತಂದಿಟ್ಟಿದ್ದೇನು ಅಂದ್ರೆ ಮಂಡಕ್ಕಿ! ಅವರು ಮುರಿ ಅಂತಾರೆ, ಸಾಸಿವೆ ಎಣ್ಣೆ, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಕಲಸಿದ್ರು. ನಂಗೆ ಕಣ್ಣಲ್ಲಿ ನೀರು ಬಂತು. ಮುಂದಿನ ವಾರ ನಾನು ಒಗ್ಗರಣೆ ಹಾಕಿ, ಪುಟಾಣಿ ಪುಡಿ ಉದುರ್ಸಿ, ಜೊತೆಗೆ ಮಿರ್ಚಿ ಕರಿದು ಕೊಟ್ಟೆ. ಈಗ ನನ್ನ ಮಗನ್ನ ಸ್ಕೂಲಿಂದ ಕರ್ಕೊಂಡ್ ಬರೋದು ಅರ್ಧ ದಿನ ಅವರೇ.

ಕಷ್ಟದ್ದೂ ಹೇಳ್ಬೇಕು. ಪಶ್ಚಿಮಕ್ಕೆ ಶೆರ್ಬೋರ್ನ್ ಸ್ಟ್ರೀಟ್ ಕಡೆ ಹೋದ್ರೆ ರಸ್ತೇಲೇ ಇರೋರು, ಡ್ರಗ್ಸಿಗೆ ಸಿಕ್ಕಿ ನರಳ್ತಿರೋರು ಕಾಣ್ತಾರೆ, ಮೊದಲ ಸಲ ನೋಡಿದಾಗ ಎದೆ ಝಲ್ ಅನ್ನುತ್ತೆ. ನನಗೆ ಯಾರೂ ತೊಂದ್ರೆ ಕೊಟ್ಟಿಲ್ಲ, ಆದ್ರೂ ತಡರಾತ್ರಿ ಆ ಕಡೆ ನಡ್ಕೊಂಡು ಹೋಗಲ್ಲ, ಸ್ಟ್ರೀಟ್‌ಕಾರ್ ಅನ್ನೋ ಟ್ರಾಮ್ ಹತ್ತುತೀನಿ. ನಮ್ಮ ಏರಿಯಾದಲ್ಲೂ ಗುಂಡು ಹಾರಿಸಿದ ಸುದ್ದಿ ಬಂದಿದ್ದುಂಟು, ಮುಚ್ಚಿಡಲ್ಲ. ಕಟ್ಟೋ ಕೆಲ್ಸ ಪೂರ್ತಿ ಮುಗಿದಿಲ್ಲ, ಧೂಳು, ಕ್ರೇನ್ ಸದ್ದು ಇರುತ್ತೆ.

ಬ್ರಾಂಪ್ಟನ್, ಮಿಸಿಸಾಗಾ ಕಡೆ ನಮ್ಮೋರು ಜಾಸ್ತಿ ಇದಾರೆ, ಯುಗಾದಿಗೆ ದೀಪಾವಳಿಗೆ ನಾನೂ ಆ ಕಡೆ ಹೋಗ್ತೀನಿ. ಆದ್ರೆ ಅಲ್ಲಿ ಕಾರಿಲ್ದೆ ಇರೋಕಾಗಲ್ಲ, ಬಂದ ಮೊದಲ ಚಳಿಗಾಲದಲ್ಲಿ ಯಜಮಾನ್ರು ಆಫೀಸಿಗೆ ಹೋದ್ಮೇಲೆ ಮಗು ಜೊತೆ ನಾಲ್ಕು ಗೋಡೆ ಮಧ್ಯ ಕೂರೋದು ಬಾಳ ಕಷ್ಟ ತಂಗಿ, ನಾನು ಮೊದಲ ಆರು ತಿಂಗಳು ಅಂಥಾ ಕಡೆ ಇದ್ದು ಅನುಭವಿಸಿದೀನಿ. ಇಲ್ಲಿ ಗೆರಾರ್ಡ್ ಸ್ಟ್ರೀಟಲ್ಲಿ 506 ನಂಬರ್ ಟ್ರಾಮ್ ಹತ್ತಿದ್ರೆ ಸೀದಾ ಇಂಡಿಯಾ ಬಜಾರ್, ಬೇಳೆ ಬೆಲ್ಲ ಎಲ್ಲಾ ಸಿಗುತ್ತೆ, ಹನ್ನೆರಡು ವರ್ಷದವರೆಗೂ ಮಕ್ಕಳಿಗೆ ಟಿಕೆಟ್ ಇಲ್ಲ. ಮಗೂಗೆ ನಾಲ್ಕು ತುಂಬೋ ವರ್ಷದ ಸೆಪ್ಟೆಂಬರಿಂದ ಸರ್ಕಾರಿ ಸ್ಕೂಲಲ್ಲಿ ಪೂರ್ತಿ ದಿನದ ಕಿಂಡರ್‌ಗಾರ್ಟನ್ ಫ್ರೀ, ವಿಳಾಸದ ಮೇಲೆ ಸ್ಕೂಲ್ ಗೊತ್ತಾಗುತ್ತೆ, ಡೊನೇಶನ್ ಅನ್ನೋ ಮಾತೇ ಇಲ್ಲ.

ಸಹಿ ಹಾಕೋ ಮುಂಚೆ ಒಂದು ವಿಷಯ ಮಾತ್ರ ಖಂಡಿತ ಕೇಳ್ರಿ, ಆ ಮನೇಲಿ ಮೊದಲ ಸಲ ಜನ ವಾಸಕ್ಕೆ ಬಂದಿದ್ದು ಯಾವಾಗ ಅಂತ. 2018ರ ನವೆಂಬರ್ 15ರ ನಂತರ ಆಗಿದ್ರೆ ಬಾಡಿಗೆ ಏರಿಕೆಗೆ ಸರ್ಕಾರದ ಮಿತಿ ಇಲ್ಲ, ಹಳೇದಾದ್ರೆ ಮಿತಿ ಐತೆ, 2025ಕ್ಕೆ ಶೇ. 2.5 ಇತ್ತು. ಇದು ಗೊತ್ತಿಲ್ದೆ ನಾವು ಹೊಸ ಬಿಲ್ಡಿಂಗಿಗೆ ಹೋಗಿ 2023ರಲ್ಲಿ ಒಂದೇ ಏಟಿಗೆ ತಿಂಗಳಿಗೆ ನಾನೂರು ಡಾಲರ್ ಜಾಸ್ತಿ ಕೊಡ್ಬೇಕಾಯ್ತು, ಓನರ್ ಕಾನೂನು ಪ್ರಕಾರಾನೇ ಏರ್ಸಿದ್ರು. ಅಡ್ವಾನ್ಸ್ ಅಂತ ಕೊನೇ ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳೋ ಹಂಗಿಲ್ಲ, ಮನೆ ಹಾಳಾದ್ರೆ ಅಂತ ಬೇರೆ ಡಿಪಾಸಿಟ್ ಕೇಳಿದ್ರೆ ಕೊಡಬೇಡಿ. ಬಿಲ್ಡಿಂಗ್ ಹೆಸರು ಕಳ್ಸು, ನಾನೇ ಹೋಗಿ ನೋಡ್ಕೊಂಡ್ ಬರ್ತೀನಿ, ನಮ್ಮನೆಯಿಂದ ನಡ್ಕೊಂಡ್ ಹೋಗೋಷ್ಟೇ ದೂರ ಇರುತ್ತೆ.