ಮ್ಯಾಕ್‌ಬೆತ್‌ಗೆ ಕಾಣುವ ಕಠಾರಿ, ಪ್ರೇತ ಎಲ್ಲವೂ ಪಾಪಪ್ರಜ್ಞೆಯ ಭ್ರಮೆಯೇ?
ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಕಾಣುವುದು, ಕೇಳುವುದು ಎಲ್ಲ ಪಾಪಪ್ರಜ್ಞೆಯಿಂದ ಹುಟ್ಟಿದ್ದಾ ಅಂತ ಕೇಳಿದ್ದೀರಿ. ಎಲ್ಲವೂ ಅಲ್ಲ. ಯಾವುದು ಯಾವಾಗ ಬರುತ್ತದೆ ಅಂತ ಗಮನಿಸಿದರೆ ಗೊತ್ತಾಗುತ್ತದೆ.

ಕಠಾರಿ ಕಾಣುವ ಹೊತ್ತಿಗೆ ಕೊಲೆಯೇ ಆಗಿಲ್ಲ. ಅವನು ಕೊಲ್ಲಲು ಹೊರಟಿರುವ ರಾಜ ಡಂಕನ್ ಅದೇ ಕೋಟೆಯಲ್ಲಿ ನಿದ್ದೆ ಮಾಡುತ್ತಿದ್ದಾನೆ. ಮಾಡದ ತಪ್ಪಿಗೆ ಕೊರಗು ಎಲ್ಲಿಂದ ಬರಬೇಕು? ಅಲ್ಲಿರುವುದು ಆಸೆ ಮತ್ತು ಹೆದರಿಕೆ. ಕಠಾರಿಯ ಹಿಡಿ ಅವನ ಕೈ ಕಡೆಗೇ ಇದೆ, ಹಿಡಿಯಲು ಹೋದರೆ ಸಿಗುವುದಿಲ್ಲ, ನೋಡನೋಡುತ್ತಲೇ ಅಲಗಿನ ಮೇಲೆ ರಕ್ತ ಮೂಡುತ್ತದೆ. ಆದರೂ ಅವನ ಬುದ್ಧಿ ಕೆಟ್ಟಿಲ್ಲ. ಅಂಥದ್ದೇನೂ ಇಲ್ಲ ಅಂತ ತಾನೇ ಹೇಳಿಕೊಳ್ಳುತ್ತಾನೆ.

ಕೊರಗು ಶುರುವಾಗುವುದು ಕೊಲೆಯಾದ ಮೇಲೆ. 'ಆಮೆನ್' ಅನ್ನಲು ಹೋದರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಮ್ಯಾಕ್‌ಬೆತ್ ನಿದ್ರೆಯನ್ನು ಕೊಂದ, ಇನ್ನು ಅವನಿಗೆ ನಿದ್ರೆಯಿಲ್ಲ ಅನ್ನುವ ದನಿ ಕೇಳಿಸುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಔತಣದ ದೃಶ್ಯ. ಜೊತೆಗಾರ ಸೇನಾಪತಿ ಬ್ಯಾಂಕೋನನ್ನು ಕೊಲ್ಲಿಸಿ ಬಂದು, ಅವನು ಇಲ್ಲಿರಬೇಕಿತ್ತು ಅಂತ ಎಲ್ಲರೆದುರು ನಾಟಕವಾಡುತ್ತಾನೆ. ಕೂರಲು ಹೋದರೆ ಜಾಗವೇ ಇಲ್ಲ. ಇಲ್ಲೇ ನಿಮ್ಮ ಜಾಗ ಇದೆಯಲ್ಲ ಅಂತ ಸರದಾರ ಲೆನಾಕ್ಸ್ ತೋರಿಸುತ್ತಾನೆ. ಎಲ್ಲಿ ಅಂತ ಇವನು ಕೇಳುತ್ತಾನೆ. ಅಲ್ಲಿ ಬ್ಯಾಂಕೋನ ಪ್ರೇತ ಕೂತಿದೆ. ಕಠಾರಿಯನ್ನು ಅನುಮಾನಿಸಿದವನು ಇಲ್ಲಿ ಅನುಮಾನಿಸುವುದೇ ಇಲ್ಲ, ನೇರವಾಗಿ ಪ್ರೇತದ ಜೊತೆ ಮಾತಿಗಿಳಿಯುತ್ತಾನೆ, ಅದೂ ಅಷ್ಟು ಜನರ ಮುಂದೆ.

ಪ್ರೇತ ನಿಜವಾ ಅಂದರೆ, 1623ರ ಫೋಲಿಯೋದಲ್ಲಿ, ಅಂದರೆ ಷೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹದಲ್ಲಿ, ಬ್ಯಾಂಕೋನ ಪ್ರೇತ ಬಂದು ಮ್ಯಾಕ್‌ಬೆತ್‌ನ ಜಾಗದಲ್ಲಿ ಕೂರುತ್ತದೆ ಅಂತ ರಂಗಸೂಚನೆಯೇ ಇದೆ. 1611ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ನಾಟಕ ನೋಡಿದ ಜ್ಯೋತಿಷಿ ಸೈಮನ್ ಫಾರ್ಮನ್ ಕೂಡ ಪ್ರೇತ ಬಂದು ಕುರ್ಚಿಯಲ್ಲಿ ಕೂತಿತು ಅಂತ ಬರೆದಿಟ್ಟಿದ್ದಾನೆ. ಅಂದರೆ ನೋಡುವ ನಮಗೂ ಕಾಣುತ್ತದೆ, ಔತಣಕ್ಕೆ ಬಂದವರಿಗೆ ಮಾತ್ರ ಕಾಣುವುದಿಲ್ಲ. ಈಗಿನ ಕೆಲವು ನಿರ್ದೇಶಕರು ಕುರ್ಚಿ ಖಾಲಿ ಬಿಡುತ್ತಾರೆ. ನನಗೆ ಪ್ರೇತ ಇದ್ದರೇ ಚೆಂದ, ಯಾಕೆಂದರೆ ಆಗ ನಾವೂ ಅವನ ತಲೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತೇವೆ. ಮ್ಯಾಕ್‌ಬೆತ್‌ಗೆ ಭವಿಷ್ಯ ಹೇಳುವ ಮಾಟಗಾತಿಯರನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ, ಅವರನ್ನು ಬ್ಯಾಂಕೋ ಕೂಡ ನೋಡಿದ್ದಾನೆ.

ಎಲ್ಲರೂ ಹೋದ ಮೇಲೆ ಮ್ಯಾಕ್‌ಬೆತ್ ಆಡುವ ಮಾತು ನೋಡಿ. ಇದು ಹೊಸಬರ ಹೆದರಿಕೆ, ನಾವಿನ್ನೂ ಈ ಕೆಲಸದಲ್ಲಿ ಪಳಗಿಲ್ಲ ಅನ್ನುತ್ತಾನೆ. ಪಳಗುತ್ತಾನೆ ಕೂಡ. ತನ್ನ ವಿರುದ್ಧ ನಿಂತ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನೆ, ಅವರ್ಯಾರೂ ಪ್ರೇತವಾಗಿ ಬರುವುದಿಲ್ಲ. ಐದನೇ ಅಂಕದಲ್ಲಿ ಹೆಂಗಸರ ಚೀರಾಟ ಕೇಳಿಸಿದಾಗ, ಹೆದರಿಕೆಯ ರುಚಿಯೇ ಹೆಚ್ಚುಕಡಿಮೆ ಮರೆತುಹೋಗಿದೆ ಅನ್ನುತ್ತಾನೆ. ಅವನು ಪ್ರೇತ ಕಂಡು ನಡುಗಿದ್ದಕ್ಕಿಂತ ಈ ಮಾತೇ ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ.

ಮ್ಯಾಕ್‌ಬೆತ್‌ನ ಹೆಂಡತಿಯದು ಪೂರ್ತಿ ಉಲ್ಟಾ. ಅವಳಿಗೆ ಪ್ರೇತ ಕಾಣಲೇ ಇಲ್ಲ. ಡಂಕನ್‌ನ ಕೊಲೆಯಾದಾಗ, ಸ್ವಲ್ಪ ನೀರು ಹಾಕಿ ರಕ್ತ ತೊಳೆದರೆ ಮುಗಿಯಿತು ಅಂದವಳು ಅವಳು. ಈಗ ಪಕ್ಕದಲ್ಲಿ ಯಾವಾಗಲೂ ದೀಪ ಇರಲೇಬೇಕು ಅಂತ ಅವಳದೇ ಅಪ್ಪಣೆ. ನಿದ್ದೆಯಲ್ಲೇ ಎದ್ದು ಓಡಾಡುತ್ತಾಳೆ, ಕೆಲವೊಮ್ಮೆ ಕಾಲು ಗಂಟೆ ಕೈ ಉಜ್ಜುತ್ತಲೇ ಇರುತ್ತಾಳೆ ಅಂತ ಸೇವಕಿ ವೈದ್ಯನಿಗೆ ಹೇಳುತ್ತಾಳೆ. ರಕ್ತದ ವಾಸನೆಯೂ ಹೋಗುತ್ತಿಲ್ಲ ಅವಳಿಗೆ. ಆ ಕನವರಿಕೆಯಲ್ಲೇ, ಫೈಫ್‌ನ ಒಡೆಯನಿಗೆ ಒಬ್ಬ ಹೆಂಡತಿ ಇದ್ದಳಲ್ಲ, ಈಗ ಎಲ್ಲಿ ಅಂತ ಕೇಳುತ್ತಾಳೆ. ಅದು ಮ್ಯಾಕ್‌ಡಫ್‌ನ ಹೆಂಡತಿಯ ವಿಷಯ. ಆ ಕೊಲೆಯನ್ನು ಇವಳು ಮಾಡಿಸಿಲ್ಲ. ಆದರೂ ಕೈ ಉಜ್ಜುತ್ತಿರುವುದು ಇವಳು.