ಬೀದರ್ ಕೋಟೆಯಲ್ಲಿ ನಡೆಯುವ ಕಥೆಯ ಆರ್‌ಪಿಜಿ (ಪಾತ್ರವಾಗಿ ಆಡುವ) ಗೇಮ್ ಮಾಡುತ್ತಿದ್ದೇನೆ. ಆಟಗಾರರು ಪೋಶನ್ (ಶಕ್ತಿ ಕೊಡುವ ಮದ್ದು) ಕುಡಿಯದೆ ಕೂಡಿಡುತ್ತಾರೆ, ಏನು ಮಾಡಬೇಕು?

ಮುಗಿದರೆ ಮತ್ತೆ ಸಿಗುತ್ತದೋ ಇಲ್ಲವೋ ಅನ್ನುವ ಭಯಕ್ಕೇ ಕೂಡಿಡುತ್ತಾರೆ. ‘ದಿ ವಿಚರ್ 3’ (2015) ಗೇಮ್ ನೋಡಿ. ಪೋಶನ್ ಒಂದು ಸಲ ತಯಾರಿಸಿದರೆ ಸಾಕು, ಆಮೇಲೆ ಧ್ಯಾನಕ್ಕೆ ಕೂತಾಗ ಚೀಲದಲ್ಲಿ ಸ್ಟ್ರಾಂಗ್ ಮದ್ಯ ಇದ್ದರೆ ಖಾಲಿ ಶೀಶೆ ತಾನೇ ತುಂಬುತ್ತದೆ, ಆದರೆ ಒಂದರ ಮೇಲೊಂದು ಕುಡಿದರೆ ಮೈಯಲ್ಲಿ ವಿಷ ಏರಿ ಹೆಲ್ತ್ ಇಳಿಯುತ್ತದೆ. ಸ್ಟಾಕ್‌ಗೆ ಬದಲು ಕುಡಿಯುವುದಕ್ಕೆ ಕಡಿವಾಣ ಹಾಕಿದ್ದಾರೆ, ಜಾಣತನ ಅಲ್ವಾ?

‘ಸ್ಕೈರಿಮ್’ ಗೇಮ್‌ನಲ್ಲಿ (2011) ಪೋಶನ್‌ಗೆ ಹಾಕುವ ಪ್ರತಿ ಪದಾರ್ಥಕ್ಕೆ 4 ಗುಣ. ಆ ಗುಣಗಳ ಗುಟ್ಟು ಹುಡುಕುವವರೆಗೆ ಮಜಾ, ಆಮೇಲೆ ಸುಮ್ನೆ ಮೆನು ಒತ್ತುವ ಕೆಲಸ.

ನಿಮ್ಮ ಕಥೆ ನಡೆಯುವುದು ಬೀದರ್ ಕೋಟೆಯಲ್ಲಿ ಅಂದಿರಿ. ಹಾಗಾದ್ರೆ ಅಲ್ಲಿನ ಲೋಹದ ಕರಕುಶಲ ಬಿದ್ರಿ ಕೆಲಸದಿಂದಲೇ ನಿಯಮ ತೆಗೆಯಿರಿ. ಸತು, ತಾಮ್ರ ಬೆರೆಸಿದ ಹೂಜಿಗೆ ಬೆಳ್ಳಿ ಕೂರಿಸಿ, ಕೋಟೆಯ ಹಳೇ ಮಣ್ಣನ್ನು ನವಸಾಗರ ಅನ್ನುವ ಲವಣದ ಜೊತೆ ನೀರಲ್ಲಿ ಕಲಸಿ ಹಚ್ಚಿದರೆ ಹೂಜಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಮದ್ದು ಒಂದೇ, ಪರಿಣಾಮ ಎರಡು. ನಿಮ್ಮ ಪೋಶನ್ನೂ ಕುಡಿದರೆ ಒಂದು ಥರ, ಕತ್ತಿಗೆ ಸವರಿದರೆ ಇನ್ನೊಂದು ಥರ ಕೆಲಸ ಮಾಡಲಿ. ಮಳೆ, ಬಿಸಿಲು ತಾಗದ ಮಣ್ಣೇ ಒಳ್ಳೆಯದು ಅನ್ನುತ್ತಾರೆ ಕುಶಲಕರ್ಮಿಗಳು. ಅಂಥ ಮೂಲೆಗಳನ್ನು ಮ್ಯಾಪ್‌ನಲ್ಲಿ ಬಚ್ಚಿಡಿ. ರೆಸಿಪಿ ಜಾಸ್ತಿ ಬೇಡ, ಹತ್ತು ಸಾಕು.