ಹೆಬ್ಬೆರಳು ವಾಲಿದ್ದಕ್ಕೆ ಶೂ ಒಂದನ್ನೇ ಬೈಯಬೇಡಿ

ಮೊನಚು ಶೂ ಬಿಟ್ಟು, ಬೆರಳುಗಳ ಮಧ್ಯೆ ಸಿಲಿಕೋನ್ ತುಂಡು ಇಟ್ಟುಕೊಂಡರೆ ವಾಲಿದ ಕಾಲಿನ ಹೆಬ್ಬೆರಳು ನೆಟ್ಟಗಾಗುತ್ತಾ ಅಂತ ಕೇಳಿದ್ದೀರಿ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ. ಆಗಲಿಲ್ಲ. ಹೆಬ್ಬೆರಳು ಹೀಗೆ ವಾಲಿದಾಗ ಅದರ ಬುಡದಲ್ಲಿ ಗಂಟು ಎದ್ದು ಕಾಣುತ್ತದೆ, ಬನಿಯನ್ ಅಂತಾರೆ. ನನ್ನ ಅಮ್ಮನಿಗೂ ಇದೇ ಗಂಟು ಇತ್ತು. ಅವರು ಮೊನಚು ಶೂ ಹಾಕಿದವರೇ ಅಲ್ಲ.

ನೋವು ಜಾಸ್ತಿಯಾದಾಗ ಆಪರೇಷನ್ ಮಾಡಿಸಿದೆ. ಎಡವಟ್ಟಾಗಿದ್ದು ಅದಕ್ಕೂ ಮುಂಚೆ, ಎಕ್ಸ್-ರೇ ಕೋಣೆಯಲ್ಲಿ. ನನ್ನನ್ನು ಮಲಗಿಸಿ ಎಕ್ಸ್-ರೇ ತೆಗೆದರು. ಪಾದದ ಮೇಲೆ ಮೈಭಾರ ಬೀಳದಿದ್ದರೆ ಮೂಳೆಗಳು ಎಷ್ಟು ಅಗಲವಾಗಿ ಸರಿಯುತ್ತವೆ ಅನ್ನೋದು ಸರಿಯಾಗಿ ಕಾಣುವುದಿಲ್ಲ. ಫಿಲ್ಮಿನಲ್ಲಿ ನನ್ನದು ಸಣ್ಣ ತೊಂದರೆಯಂತೆ ಕಂಡಿತು. ಹಾಗಾಗಿ ಗಂಟನ್ನಷ್ಟೇ ಕೆತ್ತಿ ಹೊಲಿಗೆ ಹಾಕಿದರು. ಆದರೆ ಆ ಗಂಟು ಹೊಸದಾಗಿ ಬೆಳೆದ ಮೂಳೆ ಅಲ್ಲವೇ ಅಲ್ಲ! ಬಹುಪಾಲು ಅದು ಹೆಬ್ಬೆರಳಿನ ಹಿಂದಿರುವ ಉದ್ದ ಮೂಳೆಯ, ಅಂದರೆ ಮೊದಲ ಮೆಟಟಾರ್ಸಲ್‌ನ ತಲೆ. ಈ ಮೂಳೆ ಇನ್ನೊಂದು ಪಾದದ ಕಡೆಗೆ ವಾಲುತ್ತದೆ, ಬೆರಳು ಉಳಿದ ಬೆರಳುಗಳ ಕಡೆ ಬಾಗುತ್ತದೆ, ನಡುವಿನ ಕೀಲು ಹೊರಗೆ ಚಾಚುತ್ತದೆ. ವಾಲಿದ ಮೂಳೆಯನ್ನು ಹಾಗೇ ಬಿಟ್ಟು ತುದಿ ಕೆತ್ತಿದರೆ ಏನು ಬಂತು? ಗಂಟು ನಿಧಾನವಾಗಿ ವಾಪಸ್ ಬಂತು.

ಆಮೇಲೆ ನೋಡಿದ ವೈದ್ಯರು ನಿಲ್ಲಿಸಿ ಎಕ್ಸ್-ರೇ ತೆಗೆಸಿದರು. ಮೊದಲ ಮತ್ತು ಎರಡನೇ ಮೆಟಟಾರ್ಸಲ್ ನಡುವಿನ ಕೋನ ಸಾಮಾನ್ಯವಾಗಿ 9 ಡಿಗ್ರಿಯೊಳಗೆ ಇರಬೇಕು. ನನ್ನದು 16 ಇತ್ತು. ಮೂಳೆಯ ತಲೆಯೂ ದುಂಡಗಿತ್ತು. ತಲೆ ಚಪ್ಪಟೆಯಾಗಿದ್ದರೆ ಬೆರಳು ಅಷ್ಟು ಸುಲಭವಾಗಿ ಜಾರುವುದಿಲ್ಲವಂತೆ. ಅದರ ಬುಡದಲ್ಲಿ, ಪಾದದ ಮಧ್ಯಭಾಗದ ಕ್ಯೂನಿಫಾರ್ಮ್ ಅನ್ನೋ ಮೂಳೆಗೆ ಸೇರುವ ಕೀಲು ಓರೆಯಾಗಿತ್ತು, ಸಡಿಲವೂ ಆಗಿತ್ತು. ಇಂಥ ಪಾದಕ್ಕೆ ಬಿಗಿ ಶೂ ಸೇರಿದರೆ ಬೇಗ ಕೆಡುತ್ತದೆ ನಿಜ, ಆದರೆ ಶೂ ಒಂದೇ ಕಾರಣ ಅಲ್ಲ. ಕೊನೆಗೆ ಲ್ಯಾಪಿಡಸ್ ಅನ್ನೋ ಆಪರೇಷನ್ ಆಯಿತು. ಮೂಳೆಯನ್ನು ನೆಟ್ಟಗೆ ತಂದು, ಬುಡದ ಆ ಕೀಲನ್ನೇ ಸ್ಕ್ರೂ ಹಾಕಿ ಬೆಸೆದರು. ಚೇತರಿಕೆಗೆ ತಿಂಗಳುಗಳೇ ಬೇಕಾದವು. ಮೊದಲ ಸಲವೇ ಇದಾಗಿದ್ದರೆ ಒಂದೇ ನೋವಿನಲ್ಲಿ ಮುಗಿಯುತ್ತಿತ್ತು.

ಅಗಲ ಮೂತಿಯ ಶೂ ಖಂಡಿತ ಹಾಕಿ, ನೋವು ಕಡಿಮೆಯಾಗುತ್ತದೆ. ಸಿಲಿಕೋನ್ ತುಂಡಿನಿಂದ ಉಜ್ಜಾಟ ತಪ್ಪಬಹುದು, ಆದರೆ ದೊಡ್ಡವರ ವಾಲಿದ ಮೂಳೆ ಅದರಿಂದ ನೆಟ್ಟಗಾಗುವುದಿಲ್ಲ. ನೋವೇ ಇಲ್ಲದಿದ್ದರೆ ಸುಮ್ನೆ ಅಂದಕ್ಕೋಸ್ಕರ ಕತ್ತರಿ ಹಾಕಿಸಬೇಡಿ. ನೋವಿದ್ದರೆ ನಿಂತೇ ಎಕ್ಸ್-ರೇ ತೆಗೆಸಿ, ಕೋನ ಎಷ್ಟು, ಬುಡದ ಕೀಲು ಗಟ್ಟಿ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಗಂಟು ಮಾತ್ರ ಕೆತ್ತುತ್ತೇವೆ ಅಂದರೆ ಇನ್ನೊಬ್ಬ ಪಾದ ತಜ್ಞರನ್ನು ನೋಡಿ.